ಸಿಂಗಪುರ – ನ್ಯೂಯಾರ್ಕ್: ದೂರ ಮತ್ತು ಹೊತ್ತು ಹೇಳುವ ತಾಣಗಳನ್ನು ಅಮ್ಮನ ಪ್ರಯಾಣಕ್ಕಾಗಿ ಬಳಸಿ ನೋಡಿದೆ

ಡಾಕ್ಟರ್ ಕೇಳಿದ್ದು ಒಂದೇ ಪ್ರಶ್ನೆ. "ಮನೆ ಬಿಟ್ಟು ಮನೆ ಸೇರೋಕೆ ಒಟ್ಟು ಎಷ್ಟು ಗಂಟೆ ಆಗತ್ತೆ?"

ಅಮ್ಮನಿಗೆ ಎಪ್ಪತ್ತೊಂದು ವರ್ಷ. ಬೆಳಗ್ಗೆ ಒಂದು, ರಾತ್ರಿ ಒಂದು ಮಾತ್ರೆ. ನಡುವೆ ಹನ್ನೆರಡು ಗಂಟೆ ಅಂತರ ಇರಬೇಕು. ಸಿಂಗಪುರದಲ್ಲಿ ನನ್ನ ಜೊತೆ ಇದ್ದವರು ಜುಲೈನಲ್ಲಿ ನ್ಯೂಯಾರ್ಕ್‌ನ ಅಕ್ಕನ ಮನೆಗೆ ಹೊರಟಿದ್ದರು. ಒಬ್ಬರೇ. ನಡುವೆ ಎಲ್ಲೂ ಇಳಿಯದ ವಿಮಾನ. ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. "ಇವತ್ತು ರಾತ್ರಿ ನೋಡಿ ಹೇಳ್ತೀನಿ ಡಾಕ್ಟರ್" ಎಂದು ಬಂದೆ.

ಆ ರಾತ್ರಿ ಶುರುವಾದ ಹುಡುಕಾಟ ಮೂರು ವಾರ ನಡೆಯಿತು. ಎರಡು ವಿಮಾನ ನಿಲ್ದಾಣಗಳ ಹೆಸರು ಕೊಟ್ಟರೆ ನಡುವಿನ ದೂರ, ಹಾರಾಟದ ಸಮಯ ಹೇಳುವ ತಾಣಗಳು ಹತ್ತಾರು ಇವೆ. ಅವುಗಳಲ್ಲಿ ಯಾವುದನ್ನು ಎಷ್ಟು ನಂಬಬಹುದು ಅನ್ನುವುದು ಈಗ ನನಗೆ ಚೆನ್ನಾಗಿ ಗೊತ್ತಾಗಿದೆ. ವಯಸ್ಸಾದವರನ್ನೋ ಚಿಕ್ಕ ಮಗುವನ್ನೋ ದೂರದ ವಿಮಾನ ಹತ್ತಿಸುವವರಿಗೆ ಉಪಯೋಗ ಆಗಲಿ ಎಂದು ಬರೆಯುತ್ತಿದ್ದೇನೆ.

ಮೊದಲು ಸಿಕ್ಕ ಮೂರು ತಾಣಗಳ ಉತ್ತರ ಹೀಗಿತ್ತು. ಒಂದು 17 ಗಂಟೆ 3 ನಿಮಿಷ ಅಂದಿತು. ಇನ್ನೊಂದು 19 ಗಂಟೆ 35 ನಿಮಿಷ. ಮೂರನೆಯದು 18 ಗಂಟೆ 33 ನಿಮಿಷ. ಮೂರೂ ನಿಮಿಷದ ಲೆಕ್ಕದಲ್ಲಿ ಹೇಳುತ್ತಿವೆ. ಆದರೆ ಮೊದಲನೆಯದಕ್ಕೂ ಎರಡನೆಯದಕ್ಕೂ ಎರಡೂವರೆ ಗಂಟೆ ವ್ಯತ್ಯಾಸ. ಮಾತ್ರೆಯ ಹೊತ್ತು ನಿಗದಿ ಮಾಡಬೇಕಾದವರು ಇದರಲ್ಲಿ ಯಾವುದನ್ನು ತೆಗೆದುಕೊಳ್ಳಬೇಕು?

ದೂರದಲ್ಲಿ ಮಾತ್ರ ಮೂರೂ ಹೆಚ್ಚು ಕಡಿಮೆ ಒಂದೇ ಮಾತು ಹೇಳಿದವು. ಎರಡು ತಾಣಗಳಲ್ಲಿ 15,349 ಕಿಲೋಮೀಟರ್, ಒಂದರಲ್ಲಿ 15,339. ಹತ್ತು ಕಿಲೋಮೀಟರ್ ವ್ಯತ್ಯಾಸ. ಅದನ್ನು ಅಮ್ಮನಿಗೆ ತೋರಿಸಿದೆ.

ಅಮ್ಮ ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡಿದವರು. ಕನ್ನಡಕ ಹಾಕಿಕೊಂಡು ಕಾಗದ, ಪೆನ್ಸಿಲ್ ಕೇಳಿದರು. "ಎರಡೂ ಊರಿನ ಅಕ್ಷಾಂಶ ರೇಖಾಂಶ ಹೇಳೋ" ಅಂದರು. ಸಿಂಗಪುರದ ಚಾಂಗಿ ನಿಲ್ದಾಣ ಉತ್ತರ ಅಕ್ಷಾಂಶ 1.4 ಡಿಗ್ರಿ, ಪೂರ್ವ ರೇಖಾಂಶ 104. ನ್ಯೂಯಾರ್ಕ್‌ನ ಜೆಎಫ್‌ಕೆ ನಿಲ್ದಾಣ ಉತ್ತರ ಅಕ್ಷಾಂಶ 40.6, ಪಶ್ಚಿಮ ರೇಖಾಂಶ 73.8. ಅಮ್ಮ 104ಕ್ಕೆ 73.8 ಕೂಡಿಸಿದರು. 177.8 ಬಂತು. ಪೆನ್ಸಿಲ್ ಕೆಳಗಿಟ್ಟರು.

"ನೋಡು, 180 ಆಗಿದ್ರೆ ಭೂಮಿಯ ಸರಿಯಾಗಿ ಆಚೆ ಬದಿ. ಹೆಚ್ಚು ಕಡಿಮೆ ಹಾಗೇ ಇದೆ. ಅಂದ್ರೆ ಹತ್ತಿರದ ದಾರಿ ಉತ್ತರ ಧ್ರುವದ ಮೇಲೇ ಹೋಗತ್ತೆ."

ಆಮೇಲಿನ ಲೆಕ್ಕ ಎರಡು ಸಾಲು. ಸಿಂಗಪುರದಿಂದ ಧ್ರುವಕ್ಕೆ 88.6 ಡಿಗ್ರಿ. ಧ್ರುವದಿಂದ ನ್ಯೂಯಾರ್ಕ್‌ಗೆ 49.4 ಡಿಗ್ರಿ. ಒಟ್ಟು 138. ಒಂದು ಡಿಗ್ರಿಗೆ 111 ಕಿಲೋಮೀಟರ್. 138ನ್ನು 111ರಿಂದ ಗುಣಿಸಿದರೆ 15,318. ತಾಣ ಹೇಳಿದ್ದಕ್ಕಿಂತ 31 ಕಿಲೋಮೀಟರ್ ಮಾತ್ರ ಕಡಿಮೆ! ಪೆನ್ಸಿಲ್ಲಿನಲ್ಲಿ ಹದಿನೈದು ಸಾವಿರ ಕಿಲೋಮೀಟರ್ ಅಳೆದು 31ರಷ್ಟೇ ತಪ್ಪುವುದು ಎಂದರೆ ನನಗೆ ಮೈ ಜುಮ್ಮೆಂದಿತು.

ಅಷ್ಟಕ್ಕೆ ಅಮ್ಮ ಬಿಡಲಿಲ್ಲ. ನನ್ನ ಮಗಳ ಗ್ಲೋಬ್ ತರಿಸಿದರು. ಅದರ ಅಡ್ಡಳತೆ 30 ಸೆಂಟಿಮೀಟರ್. ಹೊಲಿಗೆ ದಾರದ ಒಂದು ತುದಿಯನ್ನು ಮಗಳು ಸಿಂಗಪುರದ ಮೇಲೆ ಒತ್ತಿ ಹಿಡಿದಳು. ಇನ್ನೊಂದು ತುದಿಯನ್ನು ಅಮ್ಮ ನ್ಯೂಯಾರ್ಕ್ ಕಡೆಗೆ ಬಿಗಿಯಾಗಿ ಎಳೆದರು. ದಾರ ತಾನಾಗಿಯೇ ಜಾರಿ ಜಾರಿ ಉತ್ತರ ಧ್ರುವದ ಪಕ್ಕ ಹೋಗಿ ಕೂತಿತು. ಅಲ್ಲೇ ಗಂಟು ಹಾಕಿ ಅಳತೆಪಟ್ಟಿಯ ಮೇಲಿಟ್ಟರೆ 36 ಸೆಂಟಿಮೀಟರ್ ಚಿಲ್ಲರೆ. ಆ ಗ್ಲೋಬಿನಲ್ಲಿ ಒಂದು ಸೆಂಟಿಮೀಟರ್ ಅಂದರೆ ಸುಮಾರು 425 ಕಿಲೋಮೀಟರ್. ಅಲ್ಲಿಗೆ 15,300 ಬಂತು.

ಬಿಗಿಯಾಗಿ ಎಳೆದ ಆ ದಾರವೇ ಮಹಾವೃತ್ತದ ದಾರಿ. ಗೋಡೆಗೆ ತೂಗುಹಾಕುವ ನಕ್ಷೆಯಲ್ಲಿ ಎರಡು ಊರಿಗೆ ನೇರ ಗೆರೆ ಎಳೆದರೆ ಅದು ಹತ್ತಿರದ ದಾರಿ ಅಲ್ಲ. ಗೋಳದ ಮೇಲೆ ನೇರವಾಗಿರುವುದು ಚಪ್ಪಟೆ ಕಾಗದದ ಮೇಲೆ ಬಿಲ್ಲಿನಂತೆ ಬಾಗಿ ಕಾಣುತ್ತದೆ. ಟಿಕೆಟ್ ಮಾಡುವವರು ತೋರಿಸುವ ಚಿತ್ರ ನೋಡಿ "ಇಷ್ಟು ಸುತ್ತಿಕೊಂಡು ಯಾಕೆ ಹೋಗ್ತಾರೆ" ಎಂದು ಕೇಳುವವರು ಜಾಸ್ತಿ. ಅಂಥವರಿಗೆ ದಾರ, ಗ್ಲೋಬ್ ಕೊಟ್ಟರೆ ಸಾಕು.

ಆ ಹತ್ತು ಕಿಲೋಮೀಟರ್ ವ್ಯತ್ಯಾಸಕ್ಕೂ ಕಾರಣ ಸಿಕ್ಕಿತು. ಭೂಮಿ ಪೂರ್ತಿ ದುಂಡಗಿಲ್ಲ. ನಡುವಿನಲ್ಲಿ ತ್ರಿಜ್ಯ 6,378 ಕಿಲೋಮೀಟರ್, ಧ್ರುವದ ಕಡೆ 6,357. ಕೆಲವು ತಾಣಗಳು ಸರಾಸರಿ 6,371 ಹಿಡಿದು ಚೆಂಡಿನ ಹಾಗೆ ಲೆಕ್ಕ ಮಾಡುತ್ತವೆ. ಕೆಲವು ಆ ಚಪ್ಪಟೆಯನ್ನೂ ಸೇರಿಸುತ್ತವೆ. ಹದಿನೈದು ಸಾವಿರದಲ್ಲಿ ಹತ್ತು ಎಂದರೆ ಪ್ರಯಾಣಿಕರಿಗೆ ಲೆಕ್ಕಕ್ಕೇ ಇಲ್ಲ. ಹಾಗಾಗಿ ದೂರದ ವಿಷಯದಲ್ಲಿ ಈ ತಾಣಗಳನ್ನು ನಂಬಬಹುದು.

ಒಂದು ಎಚ್ಚರಿಕೆ ಮಾತ್ರ ಬೇಕು. ಊರಿನ ಹೆಸರು ಟೈಪ್ ಮಾಡಬೇಡಿ, ನಿಲ್ದಾಣದ ಮೂರಕ್ಷರದ ಕೋಡ್ ಹಾಕಿ. ಪರೀಕ್ಷೆಗೆಂದು ಒಂದು ತಾಣದಲ್ಲಿ ಸಿಂಗಪುರದಿಂದ ಸಿಡ್ನಿಗೆ ಎಷ್ಟು ಎಂದು ಕೇಳಿದೆ. 14,000 ಕಿಲೋಮೀಟರ್ ಮೇಲೆ ಅಂದಿತು. ನಿಜವಾಗಿ ಆಸ್ಟ್ರೇಲಿಯಾದ ಸಿಡ್ನಿ ಸುಮಾರು 6,300 ಕಿಲೋಮೀಟರ್. ಆ ತಾಣ ಕೆನಡಾದ ನೋವಾ ಸ್ಕೋಷಿಯಾದ ಸಿಡ್ನಿಯನ್ನು ಹಿಡಿದುಕೊಂಡಿತ್ತು. ಎಲ್ಲೂ ದೇಶದ ಹೆಸರು ಬರೆದಿರಲಿಲ್ಲ. ಆಸ್ಟ್ರೇಲಿಯಾದ್ದು ಎಸ್‌ವೈಡಿ, ಕೆನಡಾದ್ದು ವೈಕ್ಯೂವೈ. ಕೋಡ್ ಹಾಕಿದ್ದರೆ ಈ ಗೊಂದಲವೇ ಇಲ್ಲ. ಇನ್ನೊಂದು, ಮೈಲಿಯ ವಿಷಯ. ರಸ್ತೆಯ ಮೈಲಿ 1.609 ಕಿಲೋಮೀಟರ್, ವಿಮಾನ ಮತ್ತು ಹಡಗಿನವರ ನಾಟಿಕಲ್ ಮೈಲಿ 1.852. ಬರೀ ಮೈಲಿ ಎಂದು ಬರೆದಿದ್ದರೆ ಯಾವುದು ಎಂದು ನೋಡಿಕೊಳ್ಳಿ.

ಈ ಕೆಲಸಕ್ಕೆ ನನಗೆ ತುಂಬಾ ಇಷ್ಟವಾದದ್ದು ಗ್ರೇಟ್ ಸರ್ಕಲ್ ಮ್ಯಾಪರ್ ಎನ್ನುವ ತಾಣ. ಹೆಸರೇ ಮಹಾವೃತ್ತದ ನಕ್ಷೆಗಾರ ಎಂದು. ನೋಡಲು ಸರಳ. ಎರಡು ಕೋಡ್‌ಗಳ ನಡುವೆ ಒಂದು ಅಡ್ಡಗೆರೆ ಹಾಕಿದರೆ ಸಾಕು, ನಕ್ಷೆಯ ಮೇಲೆ ದಾರಿ ಎಳೆದು ತೋರಿಸುತ್ತದೆ, ಕೆಳಗೆ ದೂರ ಹೇಳುತ್ತದೆ. ಹೊರಡುವಾಗ ವಿಮಾನ ಯಾವ ದಿಕ್ಕಿಗೆ ಮುಖ ಮಾಡಬೇಕು ಅನ್ನುವುದೂ ಬರುತ್ತದೆ. ಸಿಂಗಪುರದಿಂದ ನ್ಯೂಯಾರ್ಕ್‌ಗೆ ಹಾಕಿದಾಗ ಅದು ಹೆಚ್ಚು ಕಡಿಮೆ ನೇರ ಉತ್ತರ ತೋರಿಸಿತು. ಅಮ್ಮನಿಗೆ ಆಗಿದ್ದ ಖುಷಿ ಹೇಳತೀರದು. "ನಾನು ಹೇಳಲಿಲ್ವಾ" ಎಂದು ಎರಡು ಸಲ ಅಂದರು.

ಅಲ್ಪವಿರಾಮ ಹಾಕುತ್ತಾ ಹೋದರೆ ಒಂದೇ ನಕ್ಷೆಯಲ್ಲಿ ಹಲವು ದಾರಿಗಳನ್ನು ಅಕ್ಕಪಕ್ಕ ನೋಡಬಹುದು. ಒಂದು ನಿಲ್ದಾಣದ ಸುತ್ತ ಇಷ್ಟು ದೂರದ ವೃತ್ತ ಎಳೆ ಎಂದರೆ ಎಳೆಯುತ್ತದೆ. ಎರಡು ಎಂಜಿನ್ನಿನ ವಿಮಾನಗಳು ತುರ್ತಾಗಿ ಇಳಿಯಲು ಇಂತಿಷ್ಟು ಹೊತ್ತಿನೊಳಗೆ ಒಂದು ನಿಲ್ದಾಣ ಸಿಗುವ ದಾರಿಯಲ್ಲೇ ಹೋಗಬೇಕು ಎಂಬ ನಿಯಮ ಇದೆ. ಆ ನಿಯಮಕ್ಕೆ ಹೊರಗೆ ಬೀಳುವ ಸಮುದ್ರವನ್ನೂ ನಕ್ಷೆಯಲ್ಲಿ ಮಬ್ಬು ಮಾಡಿ ತೋರಿಸುತ್ತದೆ. ಆದರೆ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಬೇರೆ. ನಾವು ವೇಗ ಕೊಡದಿದ್ದರೆ ಅದು ಸಮಯ ಹೇಳುವುದಿಲ್ಲ. ದೂರ ಗೊತ್ತು, ಅಷ್ಟನ್ನೇ ಹೇಳುತ್ತದೆ. ಇದು ಪ್ರಾಮಾಣಿಕ ತಾಣ. ಗಾಳಿಯ ಲೆಕ್ಕ ಇದರಲ್ಲಿ ಇಲ್ಲ, ಅದು ಇದರ ಕೆಲಸವೂ ಅಲ್ಲ.

ಹಾಗಾದರೆ ಆ ಮೂರು ತಾಣಗಳು ನಿಮಿಷದ ಲೆಕ್ಕ ಎಲ್ಲಿಂದ ತಂದವು? ಒಂದು ಸಂಜೆ ಕೂತು ಬಿಡಿಸಿದೆ. 15,349ನ್ನು 900ರಿಂದ ಭಾಗಿಸಿ. 17 ಗಂಟೆ 3 ನಿಮಿಷ! ಮೊದಲನೆಯ ತಾಣ ಮಾಡಿದ್ದು ಇಷ್ಟೇ. ಎರಡನೆಯದು ಗಂಟೆಗೆ 500 ಮೈಲಿ ಹಿಡಿದು ಮೇಲೆ ಅರ್ಧ ಗಂಟೆ ಸೇರಿಸಿತ್ತು. ಮೂರನೆಯದು 850 ಕಿಲೋಮೀಟರ್ ಮತ್ತು ಅರ್ಧ ಗಂಟೆ. ಯಾವುದರಲ್ಲೂ ಇದು ಅಂದಾಜು ಎಂದು ಎದ್ದು ಕಾಣುವಂತೆ ಬರೆದಿರಲಿಲ್ಲ. ಒಂದರಲ್ಲಿ ಪುಟದ ತಳದಲ್ಲಿ ಸಣ್ಣ ಅಕ್ಷರದಲ್ಲಿ ಇತ್ತು.

ನನಗೆ ನಿಜವಾಗಿ ಬೇಸರವಾದದ್ದು ಇಲ್ಲಿ. ಭಾಗಾಕಾರ ತಪ್ಪಲ್ಲ. ಭಾಗಾಕಾರವನ್ನು "ಹಾರಾಟದ ಸಮಯ" ಎಂದು ಕರೆಯುವುದು ತಪ್ಪು. ಯಾರೋ ಒಬ್ಬರು ಆ ಸಂಖ್ಯೆಯನ್ನು ನಂಬಿ ಔಷಧಿಯ ಹೊತ್ತು ನಿಗದಿ ಮಾಡುತ್ತಾರೆ. ಇನ್ನೊಬ್ಬರು ಮುಂದಿನ ರೈಲಿನ ಟಿಕೆಟ್ ಮಾಡುತ್ತಾರೆ.

ಏಕೆ ತಪ್ಪು ಎಂದರೆ, ವಿಮಾನ ಆ ದಾರದ ದಾರಿಯಲ್ಲಿ ಹೋಗುವುದೇ ಅಪರೂಪ. ಸಿಂಗಪುರ್ ಏರ್‌ಲೈನ್ಸ್ 2018ರ ಅಕ್ಟೋಬರ್ 11ರಂದು ಸಿಂಗಪುರದಿಂದ ನ್ಯೂಯಾರ್ಕ್ ಪಕ್ಕದ ನ್ಯೂವಾರ್ಕ್‌ಗೆ ಈ ಉದ್ದದ ಹಾರಾಟವನ್ನು ಮತ್ತೆ ಶುರು ಮಾಡಿತು. 2004ರಿಂದ 2013ರವರೆಗೆ ಏರ್‌ಬಸ್ ಎ340-500 ವಿಮಾನದಲ್ಲಿ ಇದೇ ಹಾರಾಟ ನಡೆಸಿ ನಿಲ್ಲಿಸಿದ್ದರು. ನ್ಯೂವಾರ್ಕ್‌ಗೂ ಮಹಾವೃತ್ತದ ದೂರ ಹೆಚ್ಚು ಕಡಿಮೆ ಅಷ್ಟೇ, 15,344 ಕಿಲೋಮೀಟರ್. ಆದರೆ ಕಂಪನಿ ಆಗ ಹೇಳಿದ್ದು ಹಾರುವ ದೂರ ಸುಮಾರು 16,700 ಕಿಲೋಮೀಟರ್, ಸಮಯ ಸರಾಸರಿ 18 ಗಂಟೆ 45 ನಿಮಿಷ ಎಂದು. ಅಂದರೆ ಬೇಕೆಂದೇ 1,300 ಕಿಲೋಮೀಟರ್‌ಗೂ ಜಾಸ್ತಿ ಸುತ್ತುತ್ತಾರೆ! ಜೆಎಫ್‌ಕೆಗೆ ಹಾರಾಟ ಶುರುವಾದದ್ದು 2020ರ ನವೆಂಬರ್‌ನಲ್ಲಿ. ಅದರ ದಾರಿಯೂ ಹೀಗೇ.

ಸುತ್ತುವುದು ಗಾಳಿಗಾಗಿ. ಒಂಬತ್ತರಿಂದ ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ ಜೆಟ್ ಸ್ಟ್ರೀಮ್ ಎಂಬ ಜೋರು ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಹೊಳೆಯ ಹಾಗೆ ಹರಿಯುತ್ತದೆ. ಕೆಲವೊಮ್ಮೆ ಗಂಟೆಗೆ 200 ಕಿಲೋಮೀಟರ್ ದಾಟುತ್ತದೆ. ಬೆನ್ನ ಹಿಂದೆ ಈ ಗಾಳಿ ಸಿಕ್ಕರೆ ಎಂಜಿನ್ನಿಗೆ ಹೆಚ್ಚು ಕೆಲಸ ಕೊಡದೆ ವಿಮಾನ ಬೇಗ ಹೋಗುತ್ತದೆ. ಎದುರಿಗೆ ಸಿಕ್ಕರೆ ಅಷ್ಟೇ ಹಿಂದೆ ಎಳೆಯುತ್ತದೆ. 2020ರ ಫೆಬ್ರವರಿಯಲ್ಲಿ ಬಿರುಗಾಳಿಯ ಹೊತ್ತಿನಲ್ಲಿ ನ್ಯೂಯಾರ್ಕ್‌ನಿಂದ ಲಂಡನ್‌ಗೆ ಬ್ರಿಟಿಷ್ ಏರ್‌ವೇಸ್ ವಿಮಾನವೊಂದು 4 ಗಂಟೆ 56 ನಿಮಿಷದಲ್ಲಿ ತಲುಪಿತು. ಮಾಮೂಲಿಗೆ ಆ ಕಡೆ ಆರೂವರೆ ಏಳು ಗಂಟೆಯ ದಾರಿ. ಲಂಡನ್‌ನಿಂದ ವಾಪಸ್ ಬರುವಾಗ ಇನ್ನೂ ಜಾಸ್ತಿ.

ದಿಲ್ಲಿ – ಸ್ಯಾನ್ ಫ್ರಾನ್ಸಿಸ್ಕೋ ಕತೆ ಇದಕ್ಕಿಂತ ಚೆನ್ನಾಗಿದೆ. 2016ರಲ್ಲಿ ಏರ್ ಇಂಡಿಯಾ ಅಟ್ಲಾಂಟಿಕ್ ಕಡೆಯ ದಾರಿ ಬಿಟ್ಟು ಪೆಸಿಫಿಕ್ ಕಡೆಯಿಂದ ಹೋಯಿತು. ಅಟ್ಲಾಂಟಿಕ್ ದಾರಿ ಸುಮಾರು 13,900 ಕಿಲೋಮೀಟರ್. ಪೆಸಿಫಿಕ್ ದಾರಿ ಸುಮಾರು 15,300. ದೂರ 1,400 ಕಿಲೋಮೀಟರ್ ಜಾಸ್ತಿ ಆದರೂ ಹದಿನಾಲ್ಕೂವರೆ ಗಂಟೆಯಲ್ಲಿ ತಲುಪಿದರು, ಮುಂಚಿಗಿಂತ ಬೇಗ. ದೂರದ ದಾರಿ ಬೇಗ ಮುಟ್ಟಿಸುತ್ತದೆ ಅಂದರೆ ಬರೀ ಭಾಗಾಕಾರ ಮಾಡುವ ತಾಣಕ್ಕೆ ಇದು ಹೇಗೆ ತಿಳಿಯಬೇಕು?

ಇಂಥ ತಾಣವನ್ನು ಪರೀಕ್ಷೆ ಮಾಡಲು ಒಂದು ಸುಲಭ ದಾರಿ ಕಂಡುಕೊಂಡಿದ್ದೇನೆ. ಸಿಡ್ನಿಯಿಂದ ಜೊಹಾನ್ಸ್‌ಬರ್ಗ್ ಕೇಳಿ, ಆಮೇಲೆ ಉಲ್ಟಾ ಕೇಳಿ. ಎರಡರ ನಡುವೆ ಸುಮಾರು 11,000 ಕಿಲೋಮೀಟರ್. ವಿಮಾನ ವೇಳಾಪಟ್ಟಿಯಲ್ಲಿ ಹೋಗುವುದಕ್ಕೆ 14 ಗಂಟೆಯ ಆಸುಪಾಸು, ಬರುವುದಕ್ಕೆ 12 ಗಂಟೆಗಿಂತ ಕಡಿಮೆ. ದಕ್ಷಿಣದ ಸಮುದ್ರದ ಮೇಲಿನ ಗಾಳಿ ಅಷ್ಟು ಜೋರು. ನಾನು ನೋಡಿದ ಮೂರು ತಾಣಗಳೂ ಎರಡು ಕಡೆಗೂ ಒಂದೇ ಸಮಯ ಹೇಳಿದವು. ನೀವು ಬಳಸುವ ತಾಣವೂ ಹಾಗೆ ಹೇಳಿದರೆ ಅದರ ಸಮಯವನ್ನು ಬಿಟ್ಟುಬಿಡಿ, ದೂರ ಮಾತ್ರ ಬರೆದುಕೊಳ್ಳಿ.

ಗಾಳಿಯಷ್ಟೇ ಅಲ್ಲ, ಮುಚ್ಚಿದ ಆಕಾಶವೂ ಇದೆ. 2022ರ ಫೆಬ್ರವರಿಯ ನಂತರ ರಷ್ಯಾದ ಆಕಾಶ ಯುರೋಪಿನ ಕಂಪನಿಗಳಿಗೆ ಮುಚ್ಚಿತು. ಹೆಲ್ಸಿಂಕಿಯಿಂದ ಟೋಕಿಯೋಗೆ ಫಿನ್‌ಏರ್ ಸುಮಾರು ಒಂಬತ್ತು ಗಂಟೆಯಲ್ಲಿ ಹೋಗುತ್ತಿತ್ತು. ಅದು ಹದಿಮೂರು ಗಂಟೆ ಆಯಿತು. ಎರಡು ಊರುಗಳ ದೂರ ಒಂದು ಮೀಟರ್ ಕೂಡ ಬದಲಾಗಿಲ್ಲ, ಅಲ್ವಾ? ಸಮಯ ನಾಲ್ಕು ಗಂಟೆ ಬೆಳೆಯಿತು.

ಹಾಗಾದರೆ ಸಮಯಕ್ಕೆ ಯಾವುದನ್ನು ನಂಬುವುದು? ನನಗೆ ಎರಡು ಸಿಕ್ಕವು.

ಮೊದಲನೆಯದು ಟಿಕೆಟ್‌ನಲ್ಲೇ ಇರುವ ಸಮಯ. ಸುಮ್ನೆ ಅದನ್ನು ಬಿಟ್ಟು ಎಲ್ಲೆಲ್ಲೋ ಹುಡುಕುತ್ತಿದ್ದೆ. ವಿಮಾನದವರು ಇದನ್ನು ಬ್ಲಾಕ್ ಟೈಮ್ ಅನ್ನುತ್ತಾರೆ. ಗೇಟ್ ಬಿಟ್ಟ ಗಳಿಗೆಯಿಂದ ಆಚೆ ಗೇಟಿಗೆ ಬಂದು ನಿಲ್ಲುವವರೆಗಿನ ಹೊತ್ತು. ಗಾಲಿಗೆ ಅಡ್ಡ ಇಟ್ಟ ಕಟ್ಟೆ ತೆಗೆದಾಗ ಶುರು, ಮತ್ತೆ ಇಟ್ಟಾಗ ಮುಗಿಯಿತು. ರನ್‌ವೇವರೆಗೆ ಉರುಳುವುದು, ಸಾಲಿನಲ್ಲಿ ಕಾಯುವುದು, ಗಾಳಿ, ಋತು ಎಲ್ಲವನ್ನೂ ಹಿಂದಿನ ಅನುಭವದಿಂದ ಅಳೆದು ಇದನ್ನು ಇಡುತ್ತಾರೆ. ಸ್ವಲ್ಪ ಸಡಿಲವಾಗಿಯೇ ಇಡುತ್ತಾರೆ. ಅಮೆರಿಕದ ಸಾರಿಗೆ ಇಲಾಖೆಯ ಲೆಕ್ಕದಲ್ಲಿ ಹದಿನೈದು ನಿಮಿಷ ತಡವಾದರೆ ಅದು ತಡ ಎಂದೇ ದಾಖಲಾಗುತ್ತದೆ. ಆ ಹೆಸರು ಯಾವ ಕಂಪನಿಗೂ ಬೇಡ. ಹೋಗುವುದಕ್ಕೂ ಬರುವುದಕ್ಕೂ ಬೇರೆ ಬೇರೆ ಸಮಯ ಹಾಕಿರುತ್ತಾರೆ, ಬೇಸಿಗೆ ಚಳಿಗಾಲಕ್ಕೂ ಬದಲಿಸುತ್ತಾರೆ. ಅಮ್ಮನ ಟಿಕೆಟ್‌ನಲ್ಲಿ 18 ಗಂಟೆ 40 ನಿಮಿಷ ಇತ್ತು.

ಎರಡನೆಯದು ಫ್ಲೈಟ್‌ರೇಡಾರ್24. ಹಾರುತ್ತಿರುವ ವಿಮಾನ ಈಗ ಎಲ್ಲಿದೆ ಎಂದು ತೋರಿಸುವುದಕ್ಕೆ ಇದು ಹೆಸರುವಾಸಿ. ಆದರೆ ನನಗೆ ಉಪಯೋಗಕ್ಕೆ ಬಂದದ್ದು ಹಳೆಯ ಹಾರಾಟಗಳ ಪಟ್ಟಿ. ವಿಮಾನದ ಸಂಖ್ಯೆ ಹಾಕಿದರೆ ಹಿಂದಿನ ಒಂದು ವಾರದ ಹಾರಾಟಗಳು ದುಡ್ಡು ಕೊಡದೆ ಸಿಗುತ್ತವೆ. ಮೇಲೇರಿದ್ದು ಎಷ್ಟಕ್ಕೆ, ಇಳಿದದ್ದು ಎಷ್ಟಕ್ಕೆ, ಯಾವ ದಾರಿ ಹಿಡಿದಿತ್ತು, ಎಲ್ಲವೂ. ವಿಮಾನಗಳು ತಾವೇ ಬಿಟ್ಟುಕೊಡುವ ಸಂಕೇತವನ್ನು ಜಗತ್ತಿನಾದ್ಯಂತ ಸ್ವಯಂಸೇವಕರು ಮನೆಯ ಮೇಲೆ ಇಟ್ಟಿರುವ ರಿಸೀವರ್‌ಗಳು ಹಿಡಿದು ಕಳಿಸುತ್ತವೆ. ನಡುಸಮುದ್ರದಲ್ಲಿ ರಿಸೀವರ್ ಇರುವುದಿಲ್ಲ. ಅಲ್ಲಿ ಕೆಲವೊಮ್ಮೆ ಅಂದಾಜಿನ ಗೆರೆ ಬರುತ್ತದೆ. ಅದು ನೋಡಿ ಹೆದರಬೇಕಾಗಿಲ್ಲ. ಇದನ್ನು ಅಕ್ಕನಿಗೆ ಮೊದಲೇ ಹೇಳಿಟ್ಟಿದ್ದೆ.

ಅಮ್ಮ ಹೊರಡುವ ಮುಂಚಿನ ಏಳು ದಿನದ ಹಾರಾಟ ಬರೆದುಕೊಂಡೆ. ಅತಿ ಕಡಿಮೆ 17 ಗಂಟೆ 14 ನಿಮಿಷ, ಅತಿ ಜಾಸ್ತಿ 18 ಗಂಟೆ 2 ನಿಮಿಷ. ಅದೇ ವಿಮಾನ, ಅದೇ ನಿಲ್ದಾಣಗಳು, ಒಂದೇ ವಾರ. ಆದರೂ 48 ನಿಮಿಷದ ಅಂತರ. ನಿಮಿಷದ ಲೆಕ್ಕದಲ್ಲಿ ಒಂದೇ ಸಂಖ್ಯೆ ಹೇಳುವ ತಾಣದ ಮೇಲೆ ಆಮೇಲೆ ನನಗೆ ಪೂರ್ತಿ ನಂಬಿಕೆ ಹೋಯಿತು.

ಡಾಕ್ಟರ್‌ಗೆ ಈ ಕಾಗದವನ್ನೇ ತೋರಿಸಿದೆ. ಗೇಟಿನಿಂದ ಗೇಟಿಗೆ ಹದಿನೆಂಟು ಮುಕ್ಕಾಲು, ಮುಂಚೆ ಮೂರು ಗಂಟೆ, ಇಳಿದ ಮೇಲೆ ಎರಡೂವರೆ, ಒಟ್ಟು ಇಪ್ಪತ್ನಾಲ್ಕು ಗಂಟೆ ಎಂದು ಹಿಡಿಯಿರಿ ಅಂದೆ. ಅವರು ಅದನ್ನು ನೋಡಿ ಮಾತ್ರೆಯ ಹೊತ್ತು ಬರೆದುಕೊಟ್ಟರು.

ಆ ದಿನ ಅಮ್ಮ ಮನೆ ಬಿಟ್ಟದ್ದು ರಾತ್ರಿ 8:40ಕ್ಕೆ. ವಿಮಾನ ಗೇಟ್ ಬಿಟ್ಟದ್ದು 11:50ಕ್ಕೆ, ಹದಿನೈದು ನಿಮಿಷ ತಡ. ಮೇಲೇರಿದ್ದು 12:12ಕ್ಕೆ. ನಾನು ರಾತ್ರಿಯೆಲ್ಲ ಫೋನ್ ನೋಡುತ್ತಿದ್ದೆ. ಈಶಾನ್ಯಕ್ಕೆ ತಿರುಗಿ ಜಪಾನಿನ ಕಡೆ ಹೋಗಿ, ಪೆಸಿಫಿಕ್ ದಾಟಿ, ಅಲಾಸ್ಕಾ ದಕ್ಷಿಣಕ್ಕೆ ಬಂದು, ಕೆನಡಾ ಮೇಲೆ ಇಳಿಜಾರಿನಂತೆ ಬಂತು. ಧ್ರುವದ ಹತ್ತಿರ ಎಲ್ಲೂ ಸುಳಿಯಲಿಲ್ಲ. ನ್ಯೂಯಾರ್ಕ್‌ನಲ್ಲಿ ನೆಲ ಮುಟ್ಟಿದ್ದು ಅಲ್ಲಿಯ ಬೆಳಗ್ಗೆ 5:36ಕ್ಕೆ, ಗೇಟಿಗೆ ಬಂದದ್ದು 5:55ಕ್ಕೆ. ಗಾಳಿಯಲ್ಲಿ ಇದ್ದದ್ದು 17 ಗಂಟೆ 24 ನಿಮಿಷ. ಗೇಟಿನಿಂದ ಗೇಟಿಗೆ 18 ಗಂಟೆ 5 ನಿಮಿಷ. ತಡವಾಗಿ ಹೊರಟರೂ ಇಪ್ಪತ್ತು ನಿಮಿಷ ಮುಂಚೆ ಮುಟ್ಟಿದರು. ಅಕ್ಕನ ಮನೆಯೊಳಗೆ ಕಾಲಿಟ್ಟಾಗ 8:10. ಮನೆಯಿಂದ ಮನೆಗೆ ಇಪ್ಪತ್ಮೂರೂವರೆ ಗಂಟೆ.

ವಿಮಾನದ ಬಗ್ಗೆಯೂ ಎರಡು ಮಾತು. ಅದು ಏರ್‌ಬಸ್ ಎ350-900ಯುಎಲ್‌ಆರ್, ಅತಿ ದೂರಕ್ಕೆಂದೇ ಬದಲಿಸಿದ ಮಾದರಿ. 1,65,000 ಲೀಟರ್ ಇಂಧನ ಹಿಡಿಯುತ್ತದೆ, ಮಾಮೂಲಿ ಮಾದರಿಗಿಂತ 24,000 ಲೀಟರ್ ಜಾಸ್ತಿ. ಇಷ್ಟು ಭಾರ ಹೊರುವುದರಿಂದ ಜನ ಕಡಿಮೆ. ಬರೀ 161 ಸೀಟು, ಅದರಲ್ಲಿ ಸಾಮಾನ್ಯ ಎಕಾನಮಿ ದರ್ಜೆಯೇ ಇಲ್ಲ. ಅಮ್ಮ ಕೂತದ್ದು ಪ್ರೀಮಿಯಂ ಎಕಾನಮಿಯಲ್ಲಿ. ಹದಿನೆಂಟು ಗಂಟೆಗೆ ಅಷ್ಟು ಕಾಲು ಚಾಚಲು ಜಾಗ ಬೇಕೇ ಬೇಕು. ಎರಡು ಗಂಟೆಗೊಮ್ಮೆ ಎದ್ದು ಓಡಾಡಿದೆ ಎಂದರು. ಕಾಲು ಊದಿರಲಿಲ್ಲ. ನನಗೆ ಅದೇ ದೊಡ್ಡ ಸಮಾಧಾನ.

ಗಡಿಯಾರದ ವಿಷಯ ಹೇಳಲೇಬೇಕು. ಜುಲೈನಲ್ಲಿ ಸಿಂಗಪುರಕ್ಕೂ ನ್ಯೂಯಾರ್ಕ್‌ಗೂ ಸರಿಯಾಗಿ ಹನ್ನೆರಡು ಗಂಟೆ ವ್ಯತ್ಯಾಸ. ಅಮ್ಮನ ಕೈಗಡಿಯಾರ ಮುಳ್ಳಿನದು. ಇಳಿದ ಮೇಲೂ ಅದನ್ನು ಮುಟ್ಟಬೇಕಾಗಲೇ ಇಲ್ಲ! ರಾತ್ರಿಯ ಎಂಟು ಬೆಳಗಿನ ಎಂಟಾಯಿತು, ಅಷ್ಟೇ. ಮಾತ್ರೆಯೂ ಹನ್ನೆರಡು ಗಂಟೆಗೊಮ್ಮೆ, ಗಡಿಯಾರವೂ ಹನ್ನೆರಡು ಗಂಟೆಯದು. ಡಾಕ್ಟರ್ ಬರೆದುಕೊಟ್ಟದ್ದೂ ಅದನ್ನೇ. ಮುಳ್ಳು ಎಂಟಕ್ಕೆ ಬಂದಾಗಲೆಲ್ಲ ಒಂದು, ಯಾವ ಊರಿನ ಮೇಲಿದ್ದರೂ ಸರಿ.

ಆದರೆ ಇದು ವರ್ಷವಿಡೀ ಹೀಗೆ ಇರುವುದಿಲ್ಲ. ಅಮೆರಿಕದಲ್ಲಿ ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದೆ ಇಡುತ್ತಾರೆ, ನವೆಂಬರ್‌ನ ಮೊದಲ ಭಾನುವಾರ ಹಿಂದೆ. ಸಿಂಗಪುರದಲ್ಲಿ ಈ ಪದ್ಧತಿ ಇಲ್ಲ. ಅಮ್ಮ ವಾಪಸ್ ಹೊರಟದ್ದು ನವೆಂಬರ್ ಮಧ್ಯದಲ್ಲಿ. ಆಗ ವ್ಯತ್ಯಾಸ ಹದಿಮೂರು ಗಂಟೆ. ನಾನು ನೋಡಿದ ಒಂದು ತಾಣ ಆಗಲೂ ಹನ್ನೆರಡೇ ತೋರಿಸುತ್ತಿತ್ತು. ಅದನ್ನು ನಂಬಿ ನಿಲ್ದಾಣಕ್ಕೆ ಹೋಗುವವರು ಒಂದು ಗಂಟೆ ತಪ್ಪುತ್ತಾರೆ. ಯಾವ ತಾಣ ಬಳಸಿದರೂ ಪ್ರಯಾಣದ ದಿನಾಂಕ ಕೇಳುತ್ತದೆಯಾ ನೋಡಿ. ದಿನಾಂಕ ಕೇಳದೆ ಗಡಿಯಾರದ ವ್ಯತ್ಯಾಸ ಹೇಳುವ ತಾಣ ಬೇಡ.

ಬರುವಾಗ ವಿಮಾನ ಹಿಡಿದ ದಾರಿ ಬೇರೆ. ಅಟ್ಲಾಂಟಿಕ್ ದಾಟಿ, ಯುರೋಪಿನ ಮೇಲೆ ಬಂದು, ಬಂಗಾಳ ಕೊಲ್ಲಿಯ ಕಡೆಯಿಂದ ಸಿಂಗಪುರಕ್ಕೆ ಇಳಿಯಿತು. ಹೋಗುವಾಗಲೂ ಪೂರ್ವಕ್ಕೆ, ಬರುವಾಗಲೂ ಪೂರ್ವಕ್ಕೆ. ಎರಡು ಸಲವೂ ಗಾಳಿ ಬೆನ್ನ ಹಿಂದೆ. ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ ಇದನ್ನು ಹೇಳಿದೆ. ಅಮ್ಮ ಒಂದು ಕ್ಷಣ ಸುಮ್ಮನೆ ನಿಂತರು.

"ಹಾಗಾದ್ರೆ ನಾನು ಭೂಮಿ ಒಂದು ಸುತ್ತು ಹಾಕಿ ಬಂದೆನಾ?"

ಹೌದು ಅಂದೆ. ಬ್ಯಾಗ್ ಅಲ್ಲೇ ಬಿಟ್ಟು ಮೊಮ್ಮಗಳನ್ನು ಕೂಗಿದರು. ಗ್ಲೋಬ್ ಬಂತು. ಗಂಟು ಹಾಕಿಟ್ಟಿದ್ದ ಹಳೆಯ ದಾರ ಸಾಕಾಗಲಿಲ್ಲ. ಹೊಸ ದಾರ ತರಿಸಿ, ಸಿಂಗಪುರದಿಂದ ಶುರು ಮಾಡಿ, ಜಪಾನ್, ಅಲಾಸ್ಕಾ, ನ್ಯೂಯಾರ್ಕ್, ಯುರೋಪ್ ಎಲ್ಲದರ ಮೇಲೂ ಹಾಯಿಸಿ ಮತ್ತೆ ಸಿಂಗಪುರಕ್ಕೆ ತಂದು ಎರಡು ತುದಿ ಸೇರಿಸಿ ಗಂಟು ಹಾಕಿದರು.